ಕೋಳಿ ಜಾಲರಿ, ಮಳೆಮಾಪಕ ಮತ್ತು ಒಬ್ಬ ಮಾಸ್ತರು

ಆಫೀಸಿನ ಕ್ಯಾಂಟೀನಲ್ಲಿ ಒಂದು ದಿನ ಸುಮ್ಮನೆ ಕ್ವಿಜ್ ಪ್ರಶ್ನೆ ಕೇಳಿದೆ. ಟಿವಿ ಮೊದಲು ನೋಡಿದ್ದು ಯಾರು, ಬೆಂಗಳೂರಿನವರಾ, ಬಿಜಾಪುರದ ಹಳ್ಳಿಯವರಾ? ಟೇಬಲ್ ಸುತ್ತ ಇದ್ದ ಐದೂ ಜನ ನಕ್ಕರು. ಇದೂ ಒಂದು ಪ್ರಶ್ನೆನಾ ಅನ್ನೋ ನಗು ಅದು.

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ಕ್ಕೆ, ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಜನ ಶಾಲೆಯ ಅಂಗಳದಲ್ಲಿ ಕೂತು ಟಿವಿ ನೋಡೋಕೆ ಶುರು ಮಾಡಿದ್ದರು. ಅದೂ ಕನ್ನಡದಲ್ಲಿ. ಅದೂ ನೇರ ಉಪಗ್ರಹದಿಂದ. ಮದ್ರಾಸು, ಕಲಕತ್ತೆಗಳಿಗೇ ಟಿವಿ ಬಂದದ್ದು ಅದೇ ಆಗಸ್ಟಿನಲ್ಲಿ. ಊರಿಗೆ ಡಾಂಬರು ರಸ್ತೆ ಬರೋ ಮುಂಚೆ ಉಪಗ್ರಹ ಬಂದ ಹಳ್ಳಿಗಳು ಅವು.

ಆ ಪ್ರಯೋಗದ ಹೆಸರು ‘ಸೈಟ್’. ಬೆಂಗಳೂರಲ್ಲಿ ಸೈಟ್ ಅಂದ ಕೂಡಲೇ ನಿಮಗೆ 30/40 ನೆನಪಾಗುತ್ತೆ, ಗೊತ್ತು. ಇದು ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್. 1969ರಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾಗೂ ಒಪ್ಪಂದ ಆಯಿತು: ನಿಮ್ಮ ಉಪಗ್ರಹ ಒಂದು ವರ್ಷ ನಮಗೆ ಕಡ ಕೊಡಿ, ಕಾರ್ಯಕ್ರಮ ನಮ್ಮದು, ಟಿವಿ ನಮ್ಮದು, ಹಳ್ಳಿ ನಮ್ಮದು. ಇದರ ಕನಸು ಕಂಡವರು ವಿಕ್ರಮ್ ಸಾರಾಭಾಯಿ. 1971ರ ಡಿಸೆಂಬರಲ್ಲಿ ತೀರಿಕೊಂಡ ಅವರು ಅದನ್ನ ನೋಡಲಿಲ್ಲ. ಆಮೇಲೆ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ ಯಶ್ ಪಾಲ್, ಇ.ವಿ. ಚಿಟ್ನಿಸ್ ಮುಂತಾದವರು ಕೆಲಸ ಮುಂದುವರಿಸಿದರು. ಆರು ರಾಜ್ಯ, ಸುಮಾರು 2,400 ಹಳ್ಳಿ, ನಾಲ್ಕು ಭಾಷೆ: ಹಿಂದಿ, ಒಡಿಯಾ, ತೆಲುಗು, ಕನ್ನಡ.

ಹಳ್ಳಿಯಲ್ಲಿ ಕಂಡದ್ದು ಏನು? ಹತ್ತು ಅಡಿ ಅಗಲದ ಒಂದು ಬುಟ್ಟಿ. ಕೋಳಿ ಗೂಡಿಗೆ ಹಾಕೋ ತಂತಿ ಜಾಲರಿಯಿಂದಲೇ ಆ ಆಂಟೆನಾ ಮಾಡಿದ್ದರು. ಅಗ್ಗ, ಹಗುರ, ಗಾಳಿ ತೂರಿಕೊಂಡು ಹೋಗುತ್ತೆ. ಅದಕ್ಕೆ ಜೋಡಿಸಿದ ಪೆಟ್ಟಿಗೆ, ಪೆಟ್ಟಿಗೆಗೆ ಜೋಡಿಸಿದ ಕಪ್ಪು ಬಿಳುಪು ಟಿವಿ. ಬೆಳಿಗ್ಗೆ ಒಂದೂವರೆ ತಾಸು ಮಕ್ಕಳಿಗೆ. ನಾಲ್ಕು ಭಾಷೆಗೆ ಹಂಚಿದರೆ ಕನ್ನಡದ ಪಾಲಿಗೆ ಇಪ್ಪತ್ತೆರಡೂವರೆ ನಿಮಿಷ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ. ಆಗ ತುರ್ತು ಪರಿಸ್ಥಿತಿ ಬೇರೆ; ಸರ್ಕಾರದ ಗುಣಗಾನಕ್ಕೆ ಕೊರತೆ ಇರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಇದರೊಳಗಿನ ಒಂದು ಸಣ್ಣ ತಾಂತ್ರಿಕ ಸಂಗತಿ ನನಗೆ ಬಹಳ ಇಷ್ಟ. ನಿಮ್ಮನೆ ಡಿಟಿಎಚ್ ಜೋರು ಮಳೆಗೆ ಕೈ ಕೊಡುತ್ತಲ್ಲ, ಸರಿಯಾಗಿ ಮ್ಯಾಚಿನ ಕೊನೇ ಓವರಲ್ಲಿ? ಈಗಿನ ಡಿಟಿಎಚ್ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಮಳೆ ಹನಿ ಕೆಲವು ಮಿಲಿಮೀಟರ್ ದಪ್ಪ. ಎರಡರ ಅಳತೆ ಹತ್ತಿರ ಹತ್ತಿರ ಬಂದಾಗ ಹನಿಗಳು ಅಲೆಯನ್ನ ನುಂಗುತ್ತವೆ, ಚದುರಿಸುತ್ತವೆ. ಸೈಟ್‌ನ ಅಲೆ ಬಂದದ್ದು 860 ಮೆಗಾಹರ್ಟ್ಸ್‌ನಲ್ಲಿ, ಉದ್ದ ಸುಮಾರು 35 ಸೆಂಟಿಮೀಟರ್. ಅದಕ್ಕೆ ಮಳೆ ಲೆಕ್ಕಕ್ಕೇ ಇಲ್ಲ. 1975ರ ಮಳೆಗಾಲದಲ್ಲಿ ಹೊರಗೆ ಧೋ ಅಂತ ಸುರಿಯುತ್ತಿದ್ದರೂ ಒಳಗೆ ಚಿತ್ರ ಬರುತ್ತಿತ್ತು, ಕರೆಂಟು ಇದ್ದರೆ. ಈ ಒಂದೇ ಮಾತಿನಿಂದ ಹನಿ, ಅಲೆ, ಮೋಡ, ಮೂರನ್ನೂ ಒಂದೇ ಪೀರಿಯಡ್ಡಿನಲ್ಲಿ ಕಲಿಸಬಹುದಿತ್ತು. ಯಾರಾದರೂ ಕಲಿಸಿದ್ದರೆ.

ಕಲಿಸೋದು ಅಂದರೆ ಮಾಸ್ತರು ಬೇಕಲ್ಲ. ಸೈಟ್‌ನಲ್ಲಿ ಎಲ್ಲರೂ ಆಂಟೆನಾ ನೆನಪಿಟ್ಟುಕೊಂಡಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಶಿಕ್ಷಕರ ತರಬೇತಿ. ಶಾಲೆ ರಜೆಯ ದಿನಗಳಲ್ಲಿ, ಹನ್ನೆರಡು ದಿನದ ವಿಜ್ಞಾನ ತರಬೇತಿ: ಟಿವಿಯಲ್ಲಿ ಪಾಠ, ಜೊತೆಗೆ ರೇಡಿಯೋ, ಜೊತೆಗೆ ಅಚ್ಚು ಹಾಕಿದ ಪುಸ್ತಿಕೆ, ಜೊತೆಗೆ ಕೈಯಿಂದ ಮಾಡಿ ನೋಡೋ ಪ್ರಯೋಗ. ಎರಡು ಸುತ್ತಿನಲ್ಲಿ ಆರೂ ರಾಜ್ಯ ಸೇರಿ ಸುಮಾರು 48 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರು ಇದರಲ್ಲಿ ಕೂತರು. ಕೊರೋನಾ ಕಾಲದಲ್ಲಿ ನಾವು ‘ಬ್ಲೆಂಡೆಡ್ ಲರ್ನಿಂಗ್’ ಅಂತ ಹೊಸದಾಗಿ ಕಂಡುಹಿಡಿದೆವಲ್ಲ, ಹೆಚ್ಚು ಕಮ್ಮಿ ಅದೇ. 45 ವರ್ಷ ಮೊದಲು, ಹಾಸು ಕಲ್ಲಿನ ಮೇಲೆ ಕೂತು.

ಈಗ ಒಬ್ಬ ಮಾಸ್ತರನ್ನ ಕಲ್ಪಿಸಿಕೊಳ್ಳೋಣ. ನಿಜವಾದ ಮನುಷ್ಯ ಅಲ್ಲ, ಲೆಕ್ಕಕ್ಕೆ ಅಂತ ನಾನೇ ಮಾಡಿಕೊಂಡವರು. 1953ರಲ್ಲಿ ಹುಟ್ಟಿದ್ದು. 1972ರ ಬರದಲ್ಲಿ ಅಪ್ಪ ಅವ್ವ ಬರಗಾಲ ಕಾಮಗಾರಿಗೆ ಕಲ್ಲು ಒಡೆಯೋಕೆ ಹೋದದ್ದು ಕಂಡವರು. ಟಿಸಿಎಚ್ ಮುಗಿಸಿ 22ನೇ ವಯಸ್ಸಿಗೆ ನೌಕರಿ. ಮೊದಲ ಪೋಸ್ಟಿಂಗೇ ಸೈಟ್ ಟಿವಿ ಇದ್ದ ಒಂದು ಹಳ್ಳಿ. ಆಮೇಲೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಅಂತ ವರ್ಗಾವಣೆ. ಕರ್ನಾಟಕ ಸರ್ಕಾರ 2008ರಲ್ಲಿ ನಿವೃತ್ತಿ ವಯಸ್ಸನ್ನ 58ರಿಂದ 60ಕ್ಕೆ ಏರಿಸಿದ್ದರಿಂದ ಅವರು ರಿಟೈರ್ ಆಗೋದು 2013ರಲ್ಲಿ. ಒಬ್ಬರೇ ಮಾಸ್ತರ ನೌಕರಿಯೊಳಗೆ ಕೋಳಿ ಜಾಲರಿಯಿಂದ ಕಂಪ್ಯೂಟರ್ ಲ್ಯಾಬ್ ತನಕ ಎಲ್ಲ ಬಂದು ಹೋಯಿತು. ಅವರು ಆ 38 ವರ್ಷವೂ ‘ವಾಯುಮಂಡಲ’, ‘ಮಾನ್ಸೂನ್ ಮಾರುತಗಳು’ ಪಾಠ ಮಾಡಿದರು ಅಂತ ಇಟ್ಕೊಳ್ಳಿ. ನನ್ನ ಪ್ರಶ್ನೆ ಇಷ್ಟೇ: ಅಷ್ಟು ಯಂತ್ರ ಬಂದರೂ ಅವರ ಪಾಠದೊಳಕ್ಕೆ ಅವರೂರಿನ ಮಳೆ ಬಂತಾ?

ಉತ್ತರಕ್ಕೆ ಮೊದಲು ಇನ್ನೊಂದು ಕಟ್ಟಡಕ್ಕೆ ಹೋಗಬೇಕು. ತಹಸೀಲ್ದಾರ್ ಕಚೇರಿಗೆ.

ಈ ನಾಲ್ಕೂ ತಾಲೂಕು ಬ್ರಿಟಿಷರ ಕಾಲದಲ್ಲಿ ಕಲಾದಗಿ ಜಿಲ್ಲೆಯೊಳಗಿದ್ದವು. ಆಮೇಲೆ 1880ರ ದಶಕದ ನಡುವೆ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಆಗಿನ ಮಾಮಲೇದಾರ ಕಚೇರಿಗಳ ಅಂಗಳದಲ್ಲಿ ಮಳೆ ಅಳೆಯೋ ಡಬ್ಬಿ ಇತ್ತು. ಐದು ಇಂಚು ಬಾಯಿಯ ಡಬ್ಬಿ, ಒಳಗೆ ಆಲಿಕೆ, ಆಲಿಕೆ ಕೆಳಗೆ ಬಾಟಲಿ. ಮಳೆ ಬಂದ ಮರುದಿನ ಬೆಳಿಗ್ಗೆ ಗುಮಾಸ್ತ ಅದನ್ನ ಗಾಜಿನ ಅಳತೆಗೆ ಸುರಿದು ರಜಿಸ್ಟರಿನಲ್ಲಿ ಬರೆಯಬೇಕು. ಈಗಲೂ ದೇಶದಲ್ಲಿ ಮಳೆಯ ದಿನ ಅಂದರೆ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30. ಹಂಗಾಗಿ ಸೋಮವಾರ ರಾತ್ರಿ ಬಿದ್ದ ಮಳೆ ದಾಖಲೆಯಲ್ಲಿ ಮಂಗಳವಾರದ್ದು. ದಿನಕ್ಕೆ 2.5 ಮಿಲಿಮೀಟರ್ ಆಗಲಿಲ್ಲ ಅಂದರೆ ಹವಾಮಾನ ಇಲಾಖೆ ಅದನ್ನ ‘ಮಳೆ ದಿನ’ ಅಂತ ಒಪ್ಪೋದಿಲ್ಲ. ನಮ್ಮ ಕಡೆ ಅದಕ್ಕೂ ಕಮ್ಮಿ ಮಳೆಗೆ ಮದುವೆ ಮುಂದೂಡಿದ್ದಿದೆ, ಅದು ಬೇರೆ ಮಾತು.

ಆ ಡಬ್ಬಿಯ ಹಿಂದೆ ಹೆಣಗಳಿವೆ. ಭಾರತದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ, ಸೈಟ್‌ಗೆ ಸರಿಯಾಗಿ ನೂರು ವರ್ಷ ಮೊದಲು. ಅದರ ಮರುವರ್ಷವೇ ಮಳೆ ಕೈ ಕೊಟ್ಟಿತು. 1876–77ರದ್ದು ಧಾತು ಸಂವತ್ಸರದ ಬರ. 1872ರ ಜನಗಣತಿಯಲ್ಲಿ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು 8 ಲಕ್ಷ 16 ಸಾವಿರ. 1881ರಲ್ಲಿ ಸುಮಾರು 6 ಲಕ್ಷ 38 ಸಾವಿರ. ಒಂಬತ್ತು ವರ್ಷದಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಲೆಕ್ಕದಿಂದ ಮಾಯ. ಸತ್ತವರು, ಗುಳೆ ಹೋಗಿ ಮರಳದವರು, ಹುಟ್ಟದೇ ಉಳಿದವರು. ಒಂದು ಬೀದಿಯಲ್ಲಿ ಹತ್ತು ಮನೆ ಇದ್ದರೆ ಎರಡು ಮನೆ ಖಾಲಿ ಅಂತ ಊಹಿಸಿಕೊಳ್ಳಿ, ನೆಂಟರಿಷ್ಟರ ಮುಖ ಇಟ್ಟುಕೊಂಡು.

ಬರ ಮುಗಿದ ಮೇಲೆ ಕ್ಷಾಮ ಆಯೋಗ ಕೂತಿತು. ಕಾಳು ಸಾಗಿಸೋಕೆ ರೈಲು ಬೇಕು ಅಂತಾಯಿತು. ಹೋಟಗಿಯಿಂದ ಬಿಜಾಪುರದ ಮೇಲೆ ಗದಗಿಗೆ ಹೋಗೋ ಲೈನು ಆ ಕಾಲದ್ದೇ. (ಆ ಲೈನಿನ ಮೇಲೆ ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’ ಅಂತ ಸ್ಟೇಷನ್‌ಗಳಿವೆ. ಸ್ಟೇಷನ್ ಹೆಸರಲ್ಲಿ ‘ರೋಡ್’ ಕಂಡರೆ ಊರು ಇನ್ನೂ ದೂರ ಇದೆ, ಟಂಟಂ ಹುಡುಕಿ ಅಂತ ಅರ್ಥ.) ಜೊತೆಗೆ, ಮಳೆ ಬರುತ್ತಾ ಇಲ್ವಾ ಅಂತ ಮೊದಲೇ ಹೇಳೋಕೆ ಆಗುತ್ತಾ ಅನ್ನೋ ಪ್ರಶ್ನೆ ಹವಾಮಾನ ಇಲಾಖೆಯ ತಲೆ ಮೇಲೆ ಬಂತು. ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮಕ್ಕೂ ನಮ್ಮ ಮಳೆಗೂ ನಂಟಿದೆ ಅಂತ ವಾದ ಮಾಡಿದ. ಅದನ್ನ ಆಧರಿಸಿ ಇಡೀ ದೇಶದ ಮುಂಗಾರಿನ ಮೊದಲ ಅಧಿಕೃತ ಮುನ್ಸೂಚನೆ ಕೊಟ್ಟದ್ದು 1886ರ ಜೂನ್ 4ಕ್ಕೆ. ಈಗ ಪ್ರತಿ ಏಪ್ರಿಲ್‌ನಲ್ಲಿ ‘ಈ ಬಾರಿ ವಾಡಿಕೆ ಮಳೆ’ ಅಂತ ನಿಮ್ಮ ಫೋನಿಗೆ ನೋಟಿಫಿಕೇಶನ್ ಬರುತ್ತಲ್ಲ, ಅದರ ಮುತ್ತಜ್ಜ.

1930ರ ದಶಕದಲ್ಲಿ ಮತ್ತೊಂದು ಹೆಜ್ಜೆ. ಇದ್ದ ಅಲ್ಪ ಮಳೆಯಲ್ಲೇ ಬೆಳೆ ತೆಗೆಯೋದು ಹೇಗೆ ಅಂತ ನೋಡೋಕೆ ದೇಶದ ಐದು ಕಡೆ ಒಣ ಬೇಸಾಯ ಸಂಶೋಧನೆ ಶುರುವಾಯಿತು: ಸೋಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್. ಐದರಲ್ಲಿ ಮೂರು ಇವತ್ತಿನ ಕರ್ನಾಟಕದಲ್ಲಿವೆ, ನಾಲ್ಕನೆಯದು ಗಡಿಯಾಚೆ ಕೂಗಳತೆ ದೂರದಲ್ಲಿ. ನಮ್ಮ ಬರಗಾಲಕ್ಕೆ ಎಷ್ಟು ದೊಡ್ಡ ಹೆಸರಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಅಂದರೆ ನಮ್ಮ ಮಾಸ್ತರು 1975ರಲ್ಲಿ ನೌಕರಿ ಸೇರೋ ಹೊತ್ತಿಗೆ ತಾಲೂಕು ಊರುಗಳಲ್ಲಿ ಮಳೆ ಅಳೆಯೋದು ತಲೆಮಾರುಗಳ ಕೆಲಸ ಆಗಿತ್ತು. ಕಚೇರಿಯಿಂದ ಸಾಲಿಗೆ ನಡೆದರೆ ಹತ್ತು ನಿಮಿಷ. ಆ ಹತ್ತು ನಿಮಿಷ ದಾಟಿ ಅಂಕಿಗಳು ಸಾಲಿಗೆ ಬರಲೇ ಇಲ್ಲ. ರಜಿಸ್ಟರ್ ಕಂದಾಯ ಇಲಾಖೆಯದ್ದು, ಮಕ್ಕಳು ಶಿಕ್ಷಣ ಇಲಾಖೆಯವರು.

ಬಂದಿದ್ದರೆ ಏನಾಗ್ತಿತ್ತು? ಪಾಠದಲ್ಲಿರೋ ತಪ್ಪು ಮೊದಲ ದಿನವೇ ಸಿಕ್ಕಿಬೀಳ್ತಿತ್ತು. ತಪ್ಪು ಅಂದರೆ ಪೂರ್ತಿ ತಪ್ಪಲ್ಲ. ಬೇರೆಯವರ ಊರಿಗೆ ಸರಿ. ಪುಸ್ತಕದ ಮಳೆ ಜೂನ್ ಮೊದಲ ವಾರ ಕೇರಳಕ್ಕೆ ಬರುತ್ತೆ, ಪಶ್ಚಿಮ ಘಟ್ಟಕ್ಕೆ ಬಡಿಯುತ್ತೆ, ಆಗುಂಬೆಯಲ್ಲಿ ಸುರಿಯುತ್ತೆ. ಬಯಲುಸೀಮೆಗೆ ಬರೋ ಹೊತ್ತಿಗೆ ‘ಮಳೆ ನೆರಳಿನ ಪ್ರದೇಶ’ ಅಂತ ಒಂದು ಸಾಲು, ಅಷ್ಟೇ. ಸಿಂದಗಿಯ ಹುಡುಗ ಆಗುಂಬೆಯ ಮಳೆ ಬಾಯಿಪಾಠ ಮಾಡ್ತಾನೆ. ತನ್ನೂರಿನದ್ದು ಅವನಿಗೆ ಗೊತ್ತಿಲ್ಲ. ಗೊತ್ತಿದ್ದರೆ ಅವನಿಗೆ ಕಾಣ್ತಿತ್ತು: ಈ ಜಿಲ್ಲೆಗೆ ವರ್ಷಕ್ಕೆ ಬೀಳೋದು ಸರಾಸರಿ 600 ಮಿಲಿಮೀಟರ್‌ಗೂ ಕಡಿಮೆ, ಮತ್ತು ಅತಿ ಹೆಚ್ಚು ಬೀಳೋದು ಜೂನ್‌ನಲ್ಲೂ ಅಲ್ಲ, ಜುಲೈನಲ್ಲೂ ಅಲ್ಲ, ಸೆಪ್ಟೆಂಬರಿನಲ್ಲಿ. ಮಾರುತ ವಾಪಸ್ ಹೋಗೋ ಹೊತ್ತಿಗೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ದಯೆಯಿಂದ. ಪಶ್ಚಿಮದ ಬಾಗಿಲು ಘಟ್ಟ ಮುಚ್ಚಿದೆ, ನಮ್ಮ ಮಳೆ ಹಿತ್ತಿಲ ಬಾಗಿಲಿಂದ ಬರುತ್ತೆ.

ಇದು ಗೊತ್ತಿಲ್ಲದೆ ಊರು ನಡೆದಿದೆಯಾ? ಇಲ್ಲ, ಚೆನ್ನಾಗಿ ಗೊತ್ತಿದೆ. ಸಾಲಿಗೆ ಮಾತ್ರ ಗೊತ್ತಿಲ್ಲ. ಎರಿ ಭೂಮಿಯ ರೈತ ಸೆಪ್ಟೆಂಬರ್ ಮಳೆಯ ಹಸಿ ನಂಬಿಯೇ ಹಿಂಗಾರಿ ಜೋಳ ಬಿತ್ತೋದು. ಆ ಕಪ್ಪು ಮಣ್ಣು ನೀರು ಹಿಡಿದಿಟ್ಟುಕೊಂಡು, ಆಮೇಲೆ ಹನಿ ಬೀಳದಿದ್ದರೂ ಚಳಿಗಾಲ ಪೂರ್ತಿ ಬೆಳೆಗೆ ಉಣಿಸುತ್ತೆ. ಅದನ್ನೆಲ್ಲ ನಮ್ಮ ಹಿರಿಯರು ನಕ್ಷತ್ರದ ಹೆಸರಿನಲ್ಲಿ ನೆನಪಿಟ್ಟುಕೊಂಡರು: ಮಿರಗ, ಆರಿದ್ರ, ಮಘಿ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ. ಇದನ್ನ ಮೂಢನಂಬಿಕೆ ಅಂತ ತಳ್ಳಿಹಾಕೋ ಮುಂಚೆ ಒಂದು ಲೆಕ್ಕ ನೋಡಿ. 365 ದಿನವನ್ನ 27 ನಕ್ಷತ್ರಕ್ಕೆ ಭಾಗಿಸಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಸೂರ್ಯ ಆ ನಕ್ಷತ್ರದಲ್ಲಿರೋ ದಿನಗಳವು. ಚಂದ್ರನ ತಿಂಗಳಿನಂತೆ ಹಿಂದೆ ಮುಂದೆ ಜಾರೋದಿಲ್ಲ. ಪ್ರತಿ ವರ್ಷ ಮಿರಗ ಜೂನ್ 7–8ಕ್ಕೆ, ಹಸ್ತ ಸೆಪ್ಟೆಂಬರ್ 27ರ ಸುಮಾರಿಗೆ. ಋತುಮಾನವನ್ನ ಎರಡು ವಾರದ ತುಂಡು ಮಾಡಿದ ಒಳ್ಳೇ ಕ್ಯಾಲೆಂಡರ್ ಅದು. ಆದರೆ ಈ ವರ್ಷ ಹಸ್ತ ಸುರಿಯುತ್ತಾ ಇಲ್ವಾ ಅನ್ನೋದನ್ನ ಅದು ಹೇಳಲಾರದು. ಮಳೆ ನರಿ ಮೇಲೆ ಬರುತ್ತೆ, ಕಪ್ಪೆ ಮೇಲೆ ಬರುತ್ತೆ ಅಂತ ಪಂಚಾಂಗ ಹೇಳೋದು ಭವಿಷ್ಯವೇ ಹೊರತು ಅನುಭವ ಅಲ್ಲ. ಯಾವುದು ಅನುಭವ, ಯಾವುದು ಭವಿಷ್ಯ ಅಂತ ಬೇರ್ಪಡಿಸೋ ಕೆಲಸಕ್ಕೇ ಅಲ್ವಾ ಸಾಲಿ ಇರೋದು?

ಸರಿ, ಮಾಸ್ತರ ನೌಕರಿಗೆ ವಾಪಸ್ ಬರೋಣ.

1976ರ ಜುಲೈ 31ಕ್ಕೆ ಸೈಟ್ ಮುಗಿಯಿತು. ಕಡ ತಂದ ಉಪಗ್ರಹ, ಮಾಲೀಕರು ವಾಪಸ್ ಕೇಳಿದರು. ಮೌಲ್ಯಮಾಪನ ನಡೆಯಿತು: ಮಕ್ಕಳ ಭಾಷೆ ಸುಧಾರಿಸಿತ್ತು, ಪ್ರಶ್ನೆ ಕೇಳೋ ಚಪಲ ಹೆಚ್ಚಿತ್ತು, ಆದರೆ ಶಾಲೆ ಬಿಡೋ ಮಕ್ಕಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಲಿಲ್ಲ. ಆಗೋದು ಹೇಗೆ? ಕಡಲೆ ಕೀಳೋ ಕಾಲಕ್ಕೆ ಹುಡುಗ ಹೊಲಕ್ಕೆ ಬೇಕು, ಟಿವಿ ಇರಲಿ ಬಿಡಲಿ. 1977ರಲ್ಲಿ ಗುಲ್ಬರ್ಗಕ್ಕೆ ಒಂದು ಟ್ರಾನ್ಸ್‌ಮಿಟರ್ ಬಂತು. ಅದರ ಅಲೆ ಮುಟ್ಟಿದ ಹಳ್ಳಿಗಳಿಗೆ ಟಿವಿ ಉಳಿಯಿತು. ಉಳಿದ ಕಡೆ ಕೋಳಿ ಜಾಲರಿ ಅಷ್ಟೇ ಉಳಿಯಿತು.

1983ರಲ್ಲಿ ಇನ್ಸಾಟ್–1ಬಿ. ಚಾಲೆಂಜರ್ ಷಟಲ್‌ನಲ್ಲಿ ಆಗಸ್ಟ್ 30ಕ್ಕೆ ಹಾರಿದ ನಮ್ಮದೇ ಉಪಗ್ರಹ. ಅದರಲ್ಲಿ ಒಂದೇ ಮೈಗೆ ಎರಡು ಅಂಗ: ಟಿವಿ ಕಳಿಸೋ ಸಾಧನ ಮತ್ತು ಮೋಡದ ಫೋಟೋ ತೆಗೆಯೋ ಕಣ್ಣು. ಪಾಠಕ್ಕೂ ಮಳೆಗೂ ಒಂದೇ ಯಂತ್ರ! ಇದಕ್ಕಿಂತ ಒಳ್ಳೇ ಕೂಡಿಕೆ ಬೇಕಾ? ಆದರೆ ಇನ್ಸಾಟ್ ಮೂಲಕ ಶಾಲೆ ಪಾಠ ಕಳಿಸೋ ಯೋಜನೆಗೆ ಆರಿಸಿದ ಆರು ರಾಜ್ಯಗಳು ಆಂಧ್ರ, ಬಿಹಾರ, ಗುಜರಾತ್, ಮಹಾರಾಷ್ಟ್ರ, ಒಡಿಶಾ, ಉತ್ತರ ಪ್ರದೇಶ. ಕರ್ನಾಟಕ ಪಟ್ಟಿಯಲ್ಲಿ ಇರಲಿಲ್ಲ. ದೇಶದಲ್ಲಿ ಮೊದಲು ಉಪಗ್ರಹ ಪಾಠ ಕೇಳಿದ ಹಳ್ಳಿಗಳನ್ನ ಎರಡನೇ ಸುತ್ತಿನಲ್ಲಿ ಕೈಬಿಟ್ಟರು. ಮೋಡದ ಚಿತ್ರ ಮಾತ್ರ ರಾತ್ರಿ ವಾರ್ತೆಯ ಕೊನೆಗೆ ಬರ್ತಿತ್ತು, ಮಕ್ಕಳು ಮಲಗಿದ ಮೇಲೆ.

ಆಮೇಲಿನದ್ದು ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಹೇಳೋಕೆ ಹೆಚ್ಚಿಲ್ಲ. ರೇಡಿಯೋದಲ್ಲಿ ‘ಚಿನ್ನರ ಚುಕ್ಕಿ’, ‘ಕೇಳಿ ಕಲಿ’ ಬಂದವು, ಒಳ್ಳೇ ಕಾರ್ಯಕ್ರಮಗಳೇ. ಹೈಸ್ಕೂಲುಗಳಿಗೆ ‘ಮಾಹಿತಿ ಸಿಂಧು’ ಹೆಸರಲ್ಲಿ ಕಂಪ್ಯೂಟರ್ ಬಂದವು. 2004ರ ಸೆಪ್ಟೆಂಬರ್ 20ಕ್ಕೆ ಪಾಠಕ್ಕೇ ಅಂತ ಮೀಸಲಾದ ಎಜುಸ್ಯಾಟ್ ಹಾರಿತು. ಕರ್ನಾಟಕದಲ್ಲಿ ಅದರ ಪ್ರಾಥಮಿಕ ಶಾಲೆಗಳ ಪ್ರಯೋಗ ನಡೆದದ್ದು ಚಾಮರಾಜನಗರದಲ್ಲಿ. ಪ್ರತಿ ಸಲ ಯಂತ್ರ ಹೊಸದು, ಪಾಠ ಹಳೇದು. ಕಪ್ಪು ಹಲಗೆ ಮೇಲಿದ್ದ ಜಲಚಕ್ರದ ಚಿತ್ರ ಪರದೆ ಮೇಲೆ ಬಣ್ಣದಲ್ಲಿ ತಿರುಗಿತು. ಸಮುದ್ರ, ಆವಿ, ಮೋಡ, ಬೆಟ್ಟ, ನದಿ. ಆ ಚಿತ್ರದಲ್ಲಿರೋ ಸಮುದ್ರವೂ ಇಂಡಿಯಲ್ಲಿಲ್ಲ, ಬೆಟ್ಟವೂ ಇಂಡಿಯಲ್ಲಿಲ್ಲ.

ಮಾಸ್ತರು ರಿಟೈರ್ ಆಗೋಕೆ ನಾಲ್ಕು ವರ್ಷ ಇದೆ ಅನ್ನೋವಾಗ 2009 ಬಂತು. ದೇಶಕ್ಕೇ ಬರದ ವರ್ಷ ಅದು. ಮುಂಗಾರು ವಾಡಿಕೆಗಿಂತ ನೂರಕ್ಕೆ 22ರಷ್ಟು ಕಡಿಮೆ. ಆದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಎರಡು ದಿನ, ಹಸ್ತ ಶುರುವಾದ ವಾರದಲ್ಲಿ, ಉತ್ತರ ಕರ್ನಾಟಕದ ಮೇಲೆ ಆಕಾಶ ಕಳಚಿಬಿತ್ತು. ಬಿಜಾಪುರ, ಬಾಗಲಕೋಟೆ, ರಾಯಚೂರಿನ ಮಣ್ಣಿನ ಮನೆಗಳು ನೆನೆದು ಕುಸಿದವು. ಬೇಸಿಗೆಯಲ್ಲಿ ಎಳೆಯಷ್ಟೇ ಹರಿಯೋ ಡೋಣಿ ಹೊಳೆ ಹೊಲಗಳನ್ನ ನುಂಗಿತು. ಒಂದೇ ವರ್ಷದಲ್ಲಿ ಬರ, ಅದೇ ವರ್ಷದಲ್ಲಿ ನೆರೆ. ಪುಸ್ತಕದಲ್ಲಿ ಬರ ಒಂದು ಪಾಠ, ನೆರೆ ಇನ್ನೊಂದು ಪಾಠ. 2020ರಲ್ಲಿ ಮತ್ತೆ ಹಿಂಗೇ ಆಯ್ತು: ಅಕ್ಟೋಬರ್ ನಡುವೆ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ, ಭೀಮಾ ಉಕ್ಕಿ ಇಂಡಿ, ಸಿಂದಗಿ ಕಡೆಯ ಹೊಳೆದಂಡೆ ಊರುಗಳಿಗೆ ನುಗ್ಗಿತು. ಪುಸ್ತಕದ ಪ್ರಕಾರ ಮಳೆಗಾಲ ಸೆಪ್ಟೆಂಬರಿಗೇ ಮುಗಿದಿತ್ತು.

ಈ ನಡುವೆ ಕಚೇರಿ ಅಂಗಳದ ಡಬ್ಬಿ ಬೆಳೆದುಬಿಟ್ಟಿತ್ತು. ಬರದ ಮೇಲೆ ಕಣ್ಣಿಡೋಕೆ ಅಂತ 1988ರಲ್ಲಿ ಶುರುವಾದ ರಾಜ್ಯದ ಬರ ನಿರ್ವಹಣಾ ಕೋಶವೇ ಇವತ್ತಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅವರು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕ ಹಾಕಿದ್ದಾರೆ. ಸೋಲಾರ್ ಮೇಲೆ ನಡೆಯುತ್ತೆ, ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಬೆಂಗಳೂರಿಗೆ ಹೋಗುತ್ತೆ. ಆರು ಸಾವಿರಕ್ಕೂ ಹೆಚ್ಚು ಮಾಪಕ. ‘ವರುಣ ಮಿತ್ರ’ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಪಂಚಾಯಿತಿಯ ಮಳೆ ಹೇಳ್ತಾರೆ. ಜಗತ್ತಿನಲ್ಲಿ ಇಷ್ಟು ದಟ್ಟವಾಗಿ ಮಳೆ ಅಳೆಯೋ ಊರುಗಳು ಹೆಚ್ಚಿಲ್ಲ. ಕೆಲವು ಕಡೆ ಮಳೆಮಾಪಕ ಒಂದು ಗೋಡೆ ಆಚೆ, ಸಾಲಿ ಈಚೆ. ಈಗ ಹತ್ತು ನಿಮಿಷ ನಡೆಯೋದೂ ಬೇಡ.

ಇದು ಬರೀ ಪಾಠದ ಮಾತಾಗಿದ್ದರೆ ನಾನು ಇಷ್ಟು ಉದ್ದ ಬರೀತಿರಲಿಲ್ಲ. ದ್ರಾಕ್ಷಿ, ದಾಳಿಂಬೆಯಂಥ ತೋಟದ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ ಇದೆ. ಅದರಲ್ಲಿ ಬೆಳೆ ಹೋಯ್ತಾ ಇಲ್ವಾ ಅಂತ ಯಾರೂ ಹೊಲಕ್ಕೆ ಬಂದು ನೋಡೋದಿಲ್ಲ. ಮಾಪಕದ ಅಂಕಿ ಗೆರೆ ದಾಟಿತಾ, ದಾಟಲಿಲ್ವಾ ಅನ್ನೋದರ ಮೇಲೆ ದುಡ್ಡು. ಆದರೆ ನಮ್ಮ ಕಡೆಯ ಗುಡುಗು ಮಳೆ ಹೊಲದಿಂದ ಹೊಲಕ್ಕೆ ಭೇದ ಮಾಡುತ್ತೆ. ಎತ್ತಿನ ಒಂದು ಕೋಡು ತೊಯ್ದು ಇನ್ನೊಂದು ಒಣಗಿರುತ್ತೆ ಅಂತ ಚೇಷ್ಟೆ ಮಾಡ್ತಾರೆ. ನಿಮ್ಮ ತೋಟದಲ್ಲಿ ಸುರಿದು, ಮೂರು ಕಿಲೋಮೀಟರ್ ಆಚೆ ಪಂಚಾಯಿತಿ ಮಾಪಕದಲ್ಲಿ ಸುರಿಯದಿದ್ದರೆ ನಿಮ್ಮ ನಷ್ಟ ಕಾಗದದ ಮೇಲೆ ಆಗಲೇ ಇಲ್ಲ. ಬೇಡ, ಮೋಸ ಅಂತ ಕೂಗಾಡೋಕೂ, ಸರಿ ಅಂತ ಒಪ್ಪೋಕೂ ಮೊದಲು ಆ ಅಂಕಿ ಓದೋಕೆ ಬರಬೇಕು. ಅದನ್ನ ಎಲ್ಲಿ ಕಲೀಬೇಕಿತ್ತು?

ಕಳೆದ ವರ್ಷ ನನ್ನ ಕಾಕಾ ಫೋನ್ ಮಾಡಿದ್ದರು. ಅವರ ಫೋನಿಗೆ ಮಳೆಯ ಮೆಸೇಜ್ ಬಂದಿತ್ತು. ‘ತಮ್ಮಾ, ಇಪ್ಪತ್ತೈದು ಮಿಲಿಮೀಟರ್ ಅಂದ್ರ ಎಷ್ಟೋ? ನಾ ಕಡ್ಡಿ ಚುಚ್ಚಿ ನೋಡೀನಿ, ಗೇಣ ಹಸಿ ಇಳದೈತಿ. ಎರಡೂ ಒಂದ ಏನು?’

ನಾನು ಎಂಜಿನಿಯರು. ಆದರೂ ಎರಡು ನಿಮಿಷ ಟೈಮ್ ಕೇಳಬೇಕಾಯ್ತು. ಲೆಕ್ಕ ಸುಲಭ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನಿಂತರೆ ಸರಿಯಾಗಿ ಒಂದು ಲೀಟರ್. ಎಕರೆಗೆ 4,047 ಚದರ ಮೀಟರ್. ಹಂಗಾದರೆ 25 ಮಿಲಿಮೀಟರಿಗೆ ಎಕರೆಗೆ ಒಂದು ಲಕ್ಷ ಲೀಟರ್. ನಾವು ಬೆಂಗಳೂರಲ್ಲಿ ಬೇಸಿಗೆಯಲ್ಲಿ ಕಾಡಿ ಬೇಡಿ ತರಿಸ್ತೀವಲ್ಲ, ಹತ್ತು ಸಾವಿರ ಲೀಟರಿನ ಟ್ಯಾಂಕರು, ಅಂಥವು ಹತ್ತು. ಕಾಕಾಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಎಕರೆಕ್ಕ ಹತ್ತು ಟ್ಯಾಂಕರ್? ಹಂಗಿದ್ರ ನಮ್ಮ ಬದು ಒಡದಿದ್ದಕ್ಕ ಎಷ್ಟ ಟ್ಯಾಂಕರ್ ಹರಿದು ಹೋತು?’

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿದ್ದದ್ದು ಎಷ್ಟು ಅಂತ ಮಾಪಕ ಹೇಳುತ್ತೆ, ಉಳಿದದ್ದು ಎಷ್ಟು ಅಂತ ಕಾಕಾನ ಕಡ್ಡಿ ಹೇಳುತ್ತೆ. ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಕಳೆದರೆ ಉತ್ತರ. ಏಳನೇ ಇಯತ್ತೆಯ ಲೆಕ್ಕ.

ಕಾಕಾನ ಮೊಮ್ಮಗಳು ಏಳನೇ ಇಯತ್ತೆ. ಅವಳಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿಕೊಟ್ಟೆ. ಎರಡು ಲೀಟರ್ ಕೂಲ್‌ಡ್ರಿಂಕ್ಸ್ ಬಾಟಲಿಯ ಕುತ್ತಿಗೆ ಕೊಯ್ದು, ಅದನ್ನೇ ತಲೆಕೆಳಗೆ ಆಲಿಕೆ ಮಾಡಿ ಇಟ್ಟು, ತಳದ ಗುಬ್ಬಿ ಮುಚ್ಚೋ ತನಕ ನೀರು ಹಾಕಿ ಅಲ್ಲಿಂದ ಸೊನ್ನೆ ಗೆರೆ, ಪಕ್ಕದಲ್ಲಿ ಸ್ಕೇಲ್ ಅಂಟಿಸೋದು. ಮಾಳಿಗೆ ಮೇಲೆ ಇಟ್ಟಳು. ದಿನಾ ಬೆಳಿಗ್ಗೆ ಎಂಟೂವರೆಗೆ ಓದಿ ನನಗೆ ವಾಟ್ಸಾಪ್ ಮಾಡ್ತಿದ್ದಳು. ಉತ್ತರಿ ಮಳೆಯಲ್ಲಿ ಒಂದು ದಿನ ಅವಳ ಬಾಟಲಿ 19 ತೋರಿಸಿತು, ಪಂಚಾಯಿತಿಯದ್ದು 6.

‘ಮಾಮಾ, ಯಾವುದು ಖರೇ?’

‘ಎರಡೂ ಖರೇ’ ಅಂದೆ. ನಂಬಲಿಲ್ಲ. ಸಾಲಿಗೆ ಒಯ್ದು ಸರ್ ಮುಂದೆ ಇಟ್ಟಳಂತೆ. ಅವರು ಎರಡೂ ಅಂಕಿ ಬೋರ್ಡಿನ ಮೇಲೆ ಬರೆದು, ಊರಿನ ಬೇರೆ ಬೇರೆ ಓಣಿಯ ನಾಲ್ಕು ಹುಡುಗರಿಗೆ ಬಾಟಲಿ ಇಡೋಕೆ ಹೇಳಿದರಂತೆ. ಹಸ್ತ ಪೂರ್ತಿ ಅಂಕಿ ಬಂದವು, ಐದು ಬಾಟಲಿ, ಐದು ಅಂಕಿ, ಒಂದೂ ಇನ್ನೊಂದರಂತಿಲ್ಲ. ಚಿತ್ತಿ ಶುರುವಾಗೋ ಹೊತ್ತಿಗೆ ದಸರಾ ಸೂಟಿ ಬಿತ್ತು, ನಾಲ್ಕು ಬಾಟಲಿಗಳ ಸುದ್ದಿ ನಿಂತಿತು. ಇವಳದ್ದು ಒಂದು ನಡೀತಿತ್ತು. ಒಂದು ಬೆಳಿಗ್ಗೆ ಅದೂ ಬರಲಿಲ್ಲ. ಫೋನ್ ಮಾಡಿದೆ.

‘ಅಮ್ಮ ಬಾಟಲಿ ಇಳಿಸಿ ಅದರಾಗ ತುಳಸಿ ಹಚ್ಯಾಳ ಮಾಮಾ. ಇನ್ನೊಂದ ಬಾಟಲಿ ಖಾಲಿ ಆಗೂ ತನಕ ತಡಿ.’